ಗೆಳತಿಗೆ ಎರಡು ಸಾಲು ಬರೆಯೋಕೂ ಎಐ ಬೇಕಾಯ್ತು, ಇದು ಚಟವಾ?

ಪ್ರಶ್ನೆ: ನನಗೆ 33 ವರ್ಷ. ತುಮಕೂರಿನ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಆಫೀಸಿನ ಇಂಗ್ಲಿಷ್ ಮೇಲ್‌ಗಳಿಗೆ ಅಂತ ಎರಡು ವರ್ಷದ ಹಿಂದೆ ಚಾಟ್‌ಜಿಪಿಟಿ ಬಳಸಲು ಶುರು ಮಾಡಿದೆ. ಈಗ ಎಲ್ಲಕ್ಕೂ ಅದೇ. ದೋಸೆ ಹಿಟ್ಟು ಹುಳಿ ಬಂದಿದೆ ಏನು ಮಾಡಲಿ, ನಾದಿನಿಯ ಮೆಸೇಜಿಗೆ ಏನಂತ ಉತ್ತರ ಕೊಡಲಿ, ಎಲ್ಲವನ್ನೂ ಅದನ್ನೇ ಕೇಳುತ್ತೇನೆ. ಕಳೆದ ವಾರ ತಿಪಟೂರಿನಲ್ಲಿರುವ ಕಾಲೇಜು ಗೆಳತಿಯ ತಂದೆ ತೀರಿಕೊಂಡರು. 'ಸುದ್ದಿ ಕೇಳಿ ಕೈಕಾಲೇ ಆಡ್ತಿಲ್ಲ ಕಣೇ. ತೋಟದಲ್ಲಿ ಅಂಕಲ್ ಎಳನೀರು ಕೆತ್ತಿ ಕೊಡ್ತಿದ್ದದ್ದೇ ಕಣ್ಮುಂದೆ ಬರ್ತಿದೆ' ಅಂತ ಟೈಪ್ ಮಾಡಿದೆ. ಯಾಕೋ ಸರಿ ಇಲ್ಲ ಅನ್ನಿಸಿತು. ಅಳಿಸಿ, ಎಐ ಕೊಟ್ಟ ಸಾಲುಗಳನ್ನು ಕಳಿಸಿದೆ. ಅವಳು 'ಥ್ಯಾಂಕ್ಸ್' ಅಂತಷ್ಟೇ ಬರೆದಳು. ಅವತ್ತು ರಾತ್ರಿ ನನಗೆ ಭಯವಾಯಿತು. ನಾನು ಸೋಮಾರಿ ಆಗಿಬಿಟ್ಟೆನಾ? ಇದು ಚಟವಾ? ಜನ ಯಾಕೆ ಹೀಗಾಗುತ್ತಾರೆ?

ಉತ್ತರ: ಸೋಮಾರಿತನದ ಮಾತನ್ನು ಮೊದಲು ಪಕ್ಕಕ್ಕಿಡೋಣ. ಸೋಮಾರಿಗಳು ಎರಡು ಸಾಲು ಬರೆದು, ಓದಿ ನೋಡಿ, ಸರಿ ಇಲ್ಲ ಅಂತ ಅಳಿಸುವುದಿಲ್ಲ. ಕೈಮುಗಿದ ಇಮೋಜಿ ಎರಡು ಕಳಿಸಿ ಮಲಗುತ್ತಾರೆ. ನೀವು ಬರೆದಿರಿ. ಆಮೇಲೆ ಹೆದರಿದಿರಿ. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಆ ಹೆದರಿಕೆ.

ಅದು ಎಲ್ಲಿಂದ ಬಂತು ಅನ್ನುವುದಕ್ಕೂ ನಿಮ್ಮ ಪತ್ರದಲ್ಲೇ ಸುಳಿವಿದೆ. ಶುರುವಾದದ್ದು ಇಂಗ್ಲಿಷ್ ಮೇಲ್‌ನಿಂದ. ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬರುವ ಕನ್ನಡ ಮೀಡಿಯಂನವರು ಈ ಸಂಕಟವನ್ನು ಎಷ್ಟೋ ಸಲ ಹೇಳಿಕೊಂಡಿದ್ದಾರೆ. 'ಡಿಯರ್ ಸರ್' ಅಂತ ಬರೆದ ಮೇಲೆ ಕೈ ನಿಲ್ಲುತ್ತದೆ. ಹ್ಯಾಸ್ ಹಾಕಬೇಕಾ, ಹ್ಯಾವ್ ಹಾಕಬೇಕಾ? ಸಿಸಿಯಲ್ಲಿ ಇಡೀ ಟೀಮ್ ಇದೆ. ಯಾರಾದರೂ ನಕ್ಕರೆ? ಈ ಸಂಕಟದಲ್ಲಿದ್ದಾಗಲೇ ಎಐ ಬಂತು. ಹರಕುಮುರುಕು ಏನೇ ಕೊಟ್ಟರೂ ನಾಲ್ಕು ಸೆಕೆಂಡಿನಲ್ಲಿ ನೀಟಾದ ಮೇಲ್ ರೆಡಿ. ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಯಿತು, ಅಲ್ವಾ?

ಗುಟ್ಟು ಇರುವುದು ಆ ಕಲ್ಲು ಇಳಿಯುವುದರಲ್ಲೇ. ಅಭ್ಯಾಸಗಳು ಎರಡು ದಾರಿಯಲ್ಲಿ ಅಂಟುತ್ತವೆ. ಸಿಹಿ ಸಿಕ್ಕಿತು ಅಂತ ಮತ್ತೆ ಮಾಡುವುದು ಒಂದು. ನೋವು ಹೋಯಿತು ಅಂತ ಮತ್ತೆ ಮಾಡುವುದು ಇನ್ನೊಂದು. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ. ರೀಲ್ಸ್ ನೋಡುತ್ತಾ ಕೂತವರಿಗೆ ಹೊತ್ತು ಹಾಳಾಗುತ್ತಿದೆ ಅಂತ ಒಳಗೊಳಗೇ ಗೊತ್ತಿರುತ್ತದೆ. ಎಐಯಿಂದ ಮೇಲ್ ಬರೆಸಿಕೊಂಡವರಿಗೆ ಹಾಗಲ್ಲ. ಕೆಲಸ ಮುಗಿಸಿದ ತೃಪ್ತಿ ಇರುತ್ತದೆ. ಮೇಲಿನಿಂದ ಮ್ಯಾನೇಜರ್ ಹೊಗಳಿಯೂ ಇರಬಹುದು.

ತೊಂದರೆ ಏನೆಂದರೆ, ಭಯದಿಂದ ತಪ್ಪಿಸಿಕೊಂಡಾಗಲೆಲ್ಲ ಆ ಭಯ ಸುಳ್ಳು ಅಂತ ತಿಳಿಯುವ ಅವಕಾಶವೂ ತಪ್ಪುತ್ತದೆ. ನಾಯಿಗೆ ಹೆದರಿ ದಿನಾ ಬಳಸು ದಾರಿ ಹಿಡಿದವರಿಗೆ ಆ ನಾಯಿ ನಿಜಕ್ಕೂ ಕಚ್ಚುತ್ತದಾ ಅಂತ ಗೊತ್ತಾಗುವುದೇ ಇಲ್ಲ. ಮೂರು ತಿಂಗಳಾದ ಮೇಲೆ ನಾಯಿ ಅವರ ತಲೆಯಲ್ಲಿ ಹುಲಿಯಾಗಿರುತ್ತದೆ. ಒಂದು ಹ್ಯಾಸ್ ತಪ್ಪಾಗಿ ಮೇಲ್ ಹೋಗಿದ್ದರೆ ಏನಾಗುತ್ತಿತ್ತು? ಬಹುಶಃ ಮ್ಯಾನೇಜರ್ 'ಓಕೆ' ಅಂತ ಉತ್ತರಿಸಿ ಮುಂದೆ ಹೋಗುತ್ತಿದ್ದರು. ಅದನ್ನು ಕಣ್ಣಾರೆ ನೋಡುವ ಅವಕಾಶ ಎರಡು ವರ್ಷದಿಂದ ನಿಮಗೆ ಸಿಕ್ಕಿಲ್ಲ. ಹಾಗಾಗಿ ಇಂಗ್ಲಿಷ್ ಭಯ ಹೋಗಲಿಲ್ಲ. ಹೋಗದೆ ಇದ್ದದ್ದು ಪಕ್ಕದ ಮನೆಗೂ ಹಬ್ಬಿತು. ನಾದಿನಿಗೆ ಬರೆಯುವ ಕನ್ನಡಕ್ಕೂ, ಕೊನೆಗೆ ಗೆಳತಿಗೆ ಬರೆಯುವ ಎರಡು ಸಾಲಿಗೂ.

ಜನ ಕೆಲಸವನ್ನು ಎಐ ಕೈಗೆ ಕೊಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಕೆಲಸಕ್ಕಿಂತ ಮೊದಲೇ ಅನುಮಾನವನ್ನು ಕೊಟ್ಟಿರುತ್ತಾರೆ ಅಂತ ನನಗನ್ನಿಸುತ್ತದೆ. 'ಇದು ಸರಿ ಇದೆಯಾ' ಅಂತ ಸ್ವಲ್ಪ ಹೊತ್ತು ಒದ್ದಾಡುವುದಿದೆಯಲ್ಲ, ಆ ಒದ್ದಾಟ ಬೇಡ ಅನ್ನಿಸುತ್ತದೆ. ನನ್ನ ಕಥೆಯನ್ನೇ ಕೇಳಿ. ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಮನೆಯಿಂದ ಕ್ಲಿನಿಕ್‌ಗೆ ಹೋಗುವಾಗ ಈಗಲೂ ಫೋನಿನಲ್ಲಿ ಮ್ಯಾಪ್ ಹಾಕುತ್ತೇನೆ. ದಾರಿ ಕಣ್ಣು ಮುಚ್ಚಿದರೂ ಗೊತ್ತು. ಆದರೆ ಎಲ್ಲೋ ಟ್ರಾಫಿಕ್ ಇದ್ದರೆ, ಇನ್ನೊಂದು ದಾರಿಯೇ ಬೇಗ ಅಂತಿದ್ದರೆ? ಮ್ಯಾಪ್ ಹೇಳಿದ ದಾರಿಯಲ್ಲಿ ತಡವಾದರೆ ತಪ್ಪು ಅದರದ್ದು. ನಾನೇ ಆರಿಸಿದ ದಾರಿಯಲ್ಲಿ ತಡವಾದರೆ ತಪ್ಪು ನನ್ನದು. ಅಷ್ಟೇ ವ್ಯತ್ಯಾಸ.

ಅನುಮಾನವನ್ನು ಒಪ್ಪಿಸುವುದು ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ನ್ಯೂಯಾರ್ಕಿನ ಒಂದು ಪ್ರಕರಣ ಇದೆ. 2023ರಲ್ಲಿ ಅಲ್ಲಿನ ವಕೀಲರೊಬ್ಬರು ವಿಮಾನ ಕಂಪನಿಯ ಮೇಲಿನ ಒಂದು ಕೇಸಿಗೆ ಚಾಟ್‌ಜಿಪಿಟಿಯಿಂದ ಹಳೆಯ ತೀರ್ಪುಗಳನ್ನು ಹುಡುಕಿಸಿಕೊಂಡರು. ಆರು ತೀರ್ಪುಗಳು ಹುಟ್ಟೇ ಇರಲಿಲ್ಲ. ಎಐ ತಾನೇ ಕಟ್ಟಿ ಕೊಟ್ಟಿತ್ತು. ಕೋರ್ಟು 5,000 ಡಾಲರ್ ದಂಡ ಹಾಕಿತು. ಇಷ್ಟು ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ವಿವರ. ಆ ವಕೀಲರಿಗೆ ನಡುವೆ ಅನುಮಾನ ಬಂದಿತ್ತು. 'ಇದು ನಿಜವಾದ ಕೇಸಾ' ಅಂತ ಅವರು ಕೇಳಿದ್ದರು. ಕೇಳಿದ್ದು ಚಾಟ್‌ಜಿಪಿಟಿಯನ್ನೇ! ಅದು ಹೌದು ಅಂದಿತು. ಸಮಾಧಾನವಾಯಿತು.

ಬೇರೆಯವರನ್ನು ನೆಚ್ಚಿಕೊಳ್ಳುವುದು ನಮಗೇನೂ ಹೊಸದಲ್ಲ. ತಾಲೂಕು ಕಚೇರಿ ಮುಂದೆ ಅರ್ಜಿ ಬರೆದುಕೊಡುವವರು ಕೂತಿರುತ್ತಿದ್ದರಲ್ಲ, ಈಗಲೂ ಕೆಲವು ಕಡೆ ಇದ್ದಾರೆ. ಊರಿಗೆ ಊರೇ ಅವರನ್ನು ನೆಚ್ಚಿಕೊಂಡಿತ್ತು. ಆದರೆ ಅವರು ಸಿಗುವುದು ಕಚೇರಿ ತೆರೆದಿದ್ದಾಗ ಮಾತ್ರ. ದುಡ್ಡು ಕೊಡಬೇಕು, ಸರದಿಯಲ್ಲಿ ಕಾಯಬೇಕು. 'ಪಹಣಿ ಎಲ್ಲಮ್ಮಾ, ಸರ್ವೆ ನಂಬರ್ ಗೊತ್ತಿಲ್ಲದೆ ಬಂದ್ಯಾ' ಅಂತ ಬೈಸಿಕೊಳ್ಳಬೇಕು. ನಾದಿನಿಗೆ ಏನು ಉತ್ತರ ಕೊಡಲಿ ಅಂತ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಅವರನ್ನು ನೆಚ್ಚುವುದಕ್ಕೆ ನಾಲ್ಕು ಕಡೆಯಿಂದ ಬೇಲಿ ಇತ್ತು. ಎಐಗೆ ಆ ಬೇಲಿ ಇಲ್ಲ. ರಾತ್ರಿ ಎರಡು ಗಂಟೆಗೂ ಎಚ್ಚರ ಇರುತ್ತದೆ. ಒಂದೇ ಪ್ರಶ್ನೆ ಹತ್ತು ಸಲ ಕೇಳಿದರೂ ಮುಖ ಸಿಂಡರಿಸುವುದಿಲ್ಲ. ನೀವು ಕೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಜೊತೆಗೆ ಅದನ್ನು ಪುಕ್ಕಟೆ ಹಂಚಿದರು. 2025ರ ಜುಲೈಯಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಅನ್ನುವ ಎಐ ಒಂದು ವರ್ಷ ಉಚಿತ ಅಂದಿತು. ಅಕ್ಟೋಬರ್ ಕೊನೆಗೆ ಜಿಯೋ 18 ತಿಂಗಳು ಗೂಗಲ್‌ನ ಎಐ ಜೆಮಿನಿ ಪ್ರೊ ಉಚಿತ ಅಂದಿತು, ಅದೂ ಮೊದಲು 18ರಿಂದ 25 ವರ್ಷದವರಿಗೆ. ನವೆಂಬರ್ 4ರಿಂದ ಸೇರಿದವರಿಗೆ ಚಾಟ್‌ಜಿಪಿಟಿ ಗೋ ಭಾರತದಲ್ಲಿ ಒಂದು ವರ್ಷ ಉಚಿತ ಅಂದರು. ವಾಟ್ಸಾಪ್‌ನಲ್ಲಿ ಮೆಟಾ ಎಐಯ ಉಂಗುರ ಕೇಳದೇ ಬಂದು ಕೂತಿತು. ಅರ್ಜಿ ಬರೆಯುವವನು ಮನೆ ಬಾಗಿಲಿಗೇ ಬಂದು, ಒಂದೂವರೆ ವರ್ಷ ದುಡ್ಡು ಬೇಡ ಅಂದರೆ ನಮ್ಮ ಹಿರಿಯರು ಸ್ವಲ್ಪ ಯೋಚನೆ ಮಾಡುತ್ತಿದ್ದರೇನೋ. ಹಾಗಾಗಿ ಎಲ್ಲ ತಪ್ಪನ್ನೂ ನಿಮ್ಮ ತಲೆ ಮೇಲೆ ಹೊತ್ತುಕೊಳ್ಳಬೇಡಿ.

ಇನ್ನು ಅದು ಮಾತಾಡುವ ರೀತಿ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ ಎಲೈಜಾ ಅನ್ನುವ ಪುಟ್ಟ ಪ್ರೋಗ್ರಾಮನ್ನು ಪ್ರಕಟಿಸಿದರು. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ನೀವು 'ನನಗೆ ಬೇಜಾರಾಗಿದೆ' ಅಂದರೆ, ನಿಮ್ಮ ಮಾತನ್ನೇ ತಿರುಗಿಸಿ 'ನಿಮಗೆ ಯಾಕೆ ಬೇಜಾರಾಗಿದೆ' ಅನ್ನುವ ಬಗೆಯದು. ಅವರ ಸೆಕ್ರೆಟರಿ ಆ ಪ್ರೋಗ್ರಾಮ್ ತಯಾರಾಗುವುದನ್ನು ತಿಂಗಳುಗಟ್ಟಲೆ ಪಕ್ಕದಲ್ಲೇ ಇದ್ದು ನೋಡಿದ್ದವರು. ಒಂದು ದಿನ ಅದರ ಜೊತೆ ಮಾತಿಗೆ ಕೂತರು. ಎರಡು ಮೂರು ಮಾತಾಗುವಷ್ಟರಲ್ಲಿ, 'ನೀವು ಸ್ವಲ್ಪ ಆಚೆ ಹೋಗ್ತೀರಾ' ಅಂತ ವೈಜೆನ್‌ಬಾಮ್‌ರನ್ನೇ ಕೇಳಿದರು. ಒಳಗೇನಿದೆ ಅಂತ ಗೊತ್ತಿದ್ದವರಿಗೇ ಹೀಗಾಯಿತು. ಆಡಿದ ಮಾತಿಗೆ ತಿರುಗಿ ಮಾತು ಬಂದರೆ, ಎದುರಿಗೆ ಯಾರೋ ಇದ್ದಾರೆ ಅಂತ ಮನಸ್ಸು ತಾನೇ ಅಂದುಕೊಳ್ಳುತ್ತದೆ.

ಈಗಿನ ಎಐ ಎಲೈಜಾಗಿಂತ ಸಾವಿರ ಪಾಲು ಜಾಣ. ಅದಕ್ಕೆ ಇನ್ನೊಂದು ಗುಣವೂ ಇದೆ. ಹೊಗಳಿಕೆ. ಯಾವ ಉತ್ತರ ಹಿಡಿಸಿತು ಅಂತ ಜನರಿಂದ ಕೇಳಿ ಕೇಳಿ ಅದನ್ನು ತಿದ್ದಿರುತ್ತಾರೆ. ನಮಗೆ ಹಿಡಿಸುವುದು ಯಾವುದು? 'ನೀವು ಹೇಳಿದ್ದೇ ಸರಿ' ಅನ್ನುವುದು. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಬಿಟ್ಟ ಒಂದು ಅಪ್‌ಡೇಟ್ ಎಷ್ಟು ಬೆಣ್ಣೆ ಹಚ್ಚುತ್ತಿತ್ತೆಂದರೆ, ಕೆಲವೇ ದಿನಗಳಲ್ಲಿ ಕಂಪನಿಯೇ ಅದನ್ನು ವಾಪಸ್ ತೆಗೆದುಕೊಂಡಿತು. ಜನರ ತಕ್ಷಣದ ಮೆಚ್ಚುಗೆಗೆ ಜಾಸ್ತಿ ಬೆಲೆ ಕೊಟ್ಟೆವು ಅಂತಲೂ ಒಪ್ಪಿಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಚಾಟ್‌ಜಿಪಿಟಿಗೆ ಜಿಪಿಟಿ-5 ಅನ್ನುವ ಹೊಸ ಮಾದರಿ ಬಂದು ಹಳೆಯದು ಹೋದಾಗ, ಸ್ನೇಹಿತರನ್ನು ಕಳೆದುಕೊಂಡ ಹಾಗಾಗಿದೆ ಅಂತ ಎಷ್ಟೋ ಜನ ಅತ್ತುಕೊಂಡರು. ದುಡ್ಡು ಕಟ್ಟುವವರಿಗೆ ಹಳೆಯದನ್ನು ಮತ್ತೆ ಕೊಡಬೇಕಾಯಿತು. ನಿಮ್ಮ ನಾದಿನಿಯ ವಿಷಯಕ್ಕೆ ಇದು ಮುಖ್ಯ. ಎಐಗೆ ಗೊತ್ತಿರುವುದು ನೀವು ಹೇಳಿದ ನಿಮ್ಮ ಕಡೆಯ ಕಥೆ ಮಾತ್ರ. ಅತ್ತೆಯನ್ನೋ ಅಕ್ಕನನ್ನೋ ಕೇಳಿದ್ದರೆ 'ನಿಂದೂ ಸ್ವಲ್ಪ ಜಾಸ್ತಿ ಆಯ್ತು' ಅನ್ನುತ್ತಿದ್ದರು. ಅದನ್ನು ಕೇಳಿಸಿಕೊಳ್ಳುವುದು ಕಷ್ಟ ನೋಡಿ.

ಇಷ್ಟೆಲ್ಲ ನೆಚ್ಚಿಕೊಂಡರೆ ನಷ್ಟ ಏನು? ಇಲ್ಲಿ ಎರಡು ಅಧ್ಯಯನಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಟರ್ಕಿಯ ಒಂದು ಹೈಸ್ಕೂಲಿನಲ್ಲಿ ನಡೆದದ್ದು. ಸುಮಾರು ಸಾವಿರ ಮಕ್ಕಳು, ಗಣಿತದ ಕ್ಲಾಸು. ಒಂದು ಗುಂಪಿಗೆ ಎಐ ಇಲ್ಲ. ಇನ್ನೊಂದು ಗುಂಪಿಗೆ ಮಾಮೂಲಿ ಚಾಟ್‌ಜಿಪಿಟಿ ಥರದ ಎಐ. ಮೂರನೆಯ ಗುಂಪಿಗೆ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಎಐ. ಲೆಕ್ಕಗಳನ್ನು ಅಭ್ಯಾಸ ಮಾಡುವಾಗ ಎರಡನೆಯ ಗುಂಪು ಎಐ ಇಲ್ಲದವರಿಗಿಂತ ಶೇ. 48 ಹೆಚ್ಚು ಅಂಕ ಪಡೆಯಿತು. ಮೂರನೆಯದು ಶೇ. 127 ಹೆಚ್ಚು. ಆಮೇಲೆ ಎಐ ಕಿತ್ತುಕೊಂಡು ಪರೀಕ್ಷೆ ಇಟ್ಟರು. ಎರಡನೆಯ ಗುಂಪು ಎಐ ಮುಟ್ಟದೇ ಇದ್ದವರಿಗಿಂತ ಶೇ. 17 ಕಡಿಮೆ ಪಡೆಯಿತು. ಸುಳಿವಿನ ಗುಂಪು ಹೆಚ್ಚೂಕಡಿಮೆ ಎಐ ಮುಟ್ಟದವರ ಸಮಕ್ಕೇ ನಿಂತಿತು. ಅದಕ್ಕಿಂತ ಕುತೂಹಲದ್ದು ಏನು ಗೊತ್ತಾ? ಅಂಕ ಕಡಿಮೆ ಬಂದ ಆ ಮಕ್ಕಳಿಗೆ ತಾವು ಹಿಂದೆ ಬಿದ್ದಿದ್ದೇವೆ ಅಂತ ಅನ್ನಿಸಿಯೇ ಇರಲಿಲ್ಲ. ಕಲಿತಿದ್ದೇವೆ ಅಂದುಕೊಂಡಿದ್ದರು. ಬೇರೆಯವರು ಮಗ್ಗಿ ಒಪ್ಪಿಸುವಾಗ ಜೊತೆಗೆ ಗುನುಗುವ ಹುಡುಗನಿಗೆ ತನಗೂ ಮಗ್ಗಿ ಬರುತ್ತದೆ ಅನ್ನಿಸುತ್ತಲ್ಲ, ಹಾಗೆ.

ಎರಡನೆಯದು ಪೋಲೆಂಡಿನ ವೈದ್ಯರದು, 2025ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ಕೊಲೊನೋಸ್ಕೋಪಿ ಅಂತ ಒಂದು ಪರೀಕ್ಷೆ ಇದೆ. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ, ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟುಗಳನ್ನು ಹುಡುಕುತ್ತಾರೆ. ನಾಲ್ಕು ಕೇಂದ್ರಗಳಲ್ಲಿ ಗಂಟು ಕಂಡರೆ ಪರದೆ ಮೇಲೆ ತೋರಿಸುವ ಎಐ ತಂದರು. ಎಐ ಬರುವ ಮೊದಲು ಈ ವೈದ್ಯರು ಮಾಡಿದ ಪರೀಕ್ಷೆಗಳಲ್ಲಿ ಶೇ. 28.4ರಲ್ಲಿ ಗಂಟು ಸಿಗುತ್ತಿತ್ತು. ಎಐಗೆ ಒಗ್ಗಿಕೊಂಡ ಮೇಲೆ, ಅದು ಇಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಇದು ಶೇ. 22.4ಕ್ಕೆ ಇಳಿದಿತ್ತು. ಹೊಸಬರಲ್ಲ, ಒಬ್ಬೊಬ್ಬರೂ ಎರಡು ಸಾವಿರಕ್ಕೂ ಹೆಚ್ಚು ಪರೀಕ್ಷೆ ಮಾಡಿದ್ದವರು. ಕೆಲವೇ ತಿಂಗಳ ಮಾತು ಇದು. ಬೇರೆ ಕಾರಣಗಳೂ ಸೇರಿರಬಹುದು, ಇದೊಂದರಿಂದಲೇ ತೀರ್ಮಾನಕ್ಕೆ ಬರಬಾರದು. ಆದರೂ ನನಗೆ ಇದನ್ನು ಓದಿ ನಿದ್ದೆ ಸರಿಯಾಗಿ ಬರಲಿಲ್ಲ. ಆ ವೈದ್ಯರು ಕೈಚಳಕ ಮರೆತಿರಲಿಕ್ಕಿಲ್ಲ. ಅದು ತೋರಿಸುತ್ತೆ ಬಿಡು ಅಂತ ಕಣ್ಣು ಸ್ವಲ್ಪ ಸಡಿಲವಾಯಿತು ಅಂತ ಕಾಣುತ್ತದೆ.

ಮೈಕ್ರೋಸಾಫ್ಟ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2025ರಲ್ಲಿ 319 ಉದ್ಯೋಗಿಗಳ ಸಮೀಕ್ಷೆ ಮಾಡಿದ್ದರು. ಎಐ ಮೇಲೆ ನಂಬಿಕೆ ಜಾಸ್ತಿ ಇದ್ದವರು ಅದು ಕೊಟ್ಟದ್ದನ್ನು ಕಡಿಮೆ ಪರೀಕ್ಷಿಸುತ್ತಿದ್ದರು. ತಮ್ಮ ಮೇಲೆ ನಂಬಿಕೆ ಇದ್ದವರು ಹೆಚ್ಚು ಪರೀಕ್ಷಿಸುತ್ತಿದ್ದರು. ನಿಮಗೆ ಬೇಕಾದದ್ದು ಈ ಎರಡನೆಯ ನಂಬಿಕೆ.

ಒಂದು ಎಚ್ಚರಿಕೆ. 'ಚಾಟ್‌ಜಿಪಿಟಿ ಬಳಸಿದರೆ ಮೆದುಳು ಕೊಳೆಯುತ್ತದೆ, ಎಂಐಟಿ ಹೇಳಿದೆ' ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಆ ಅಧ್ಯಯನ ಇದೆ. ಅದರಲ್ಲಿದ್ದವರು 54 ಜನ. ಬೇರೆ ತಜ್ಞರು ಪರಿಶೀಲಿಸುವ ಮೊದಲೇ ಹೊರಬಂದ ವರದಿ ಅದು. ಪ್ರಬಂಧ ಬರೆಯುವಾಗ ಎಐ ಬಳಸಿದವರ ಮೆದುಳಿನ ಚಟುವಟಿಕೆ ಕಡಿಮೆ ಇತ್ತು ಅಂತ ಅದು ಮುಖ್ಯವಾಗಿ ಹೇಳುತ್ತದೆ. ಕೊಳೆಯುವ ಮಾತು ಅದರಲ್ಲಿಲ್ಲ. ಸುಮ್ನೆ ಹೆದರಬೇಡಿ.

ಇನ್ನು ಚಟವಾ ಅನ್ನುವ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ವಿಡಿಯೋ ಗೇಮ್ ಚಟ ಇದೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಎಐ ಚಟ ಅಂತ ಅದರಲ್ಲಿಲ್ಲ. ಹೆಸರು ಏನೇ ಇರಲಿ, ನಾನು ಕೇಳುವುದು ಬೇರೆ. ಅದಿಲ್ಲದಿದ್ದರೆ ಸಿಡುಕು ಬರುತ್ತದಾ? ನಿದ್ದೆ ಕೆಡುತ್ತಿದೆಯಾ? ಮನೆಯವರಿಗಿಂತ ಅದರ ಜೊತೆ ಮಾತು ಹೆಚ್ಚಾಗಿದೆಯಾ? ದಿನಕ್ಕೆ ಹೆಚ್ಚು ಹೊತ್ತು ಚಾಟ್‌ಬಾಟ್ ಜೊತೆ ಕಳೆಯುವವರಲ್ಲಿ ಒಂಟಿತನವೂ ಹೆಚ್ಚು ಕಂಡಿತು ಅಂತ, ಓಪನ್‌ಎಐ ಮತ್ತು ಎಂಐಟಿ ಸೇರಿ ಸುಮಾರು ಸಾವಿರ ಜನರ ಮೇಲೆ ನಾಲ್ಕು ವಾರ ನಡೆಸಿದ ಅಧ್ಯಯನ ಹೇಳುತ್ತದೆ. ಒಂಟಿಯಾಗಿದ್ದಕ್ಕೆ ಬಳಸಿದರೋ, ಬಳಸಿದ್ದಕ್ಕೆ ಒಂಟಿಯಾದರೋ, ಬಿಡಿಸಿ ಹೇಳುವುದು ಕಷ್ಟ. ನಿಮ್ಮ ಪತ್ರದಲ್ಲಿ ಆ ಲಕ್ಷಣ ನನಗೆ ಕಾಣಲಿಲ್ಲ. ನಿಮಗೆ ಹಾಗೆ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಅತಿಬಳಕೆಗೆ ಅಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ. ಮನಸ್ಸು ತೀರಾ ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು, ನಂಬರ್ 14416. ಕನ್ನಡದಲ್ಲೇ ಮಾತಾಡುತ್ತಾರೆ.

ಎಐ ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಎಕ್ಸೆಲ್ ಫಾರ್ಮುಲಾ ಕೇಳಿ. ಅದು ತಪ್ಪಿದ್ದರೆ ನಿಮಗೇ ಗೊತ್ತಾಗುತ್ತದೆ, ಟೋಟಲ್ ತಾಳೆಯಾಗುವುದಿಲ್ಲ. ದೋಸೆ ಹಿಟ್ಟಿನ ವಿಷಯವೂ ಹಾಗೇ, ಆದರೆ ಪಕ್ಕದ ಮನೆಯವರನ್ನು ಕೇಳಿದರೆ ಒಂದು ಲೋಟ ಕಾಫಿಯೂ ಸಿಗುತ್ತಿತ್ತು. ಇಂಗ್ಲಿಷ್ ಮೇಲ್‌ಗೆ ಮಾತ್ರ ಸರದಿ ಬದಲಿಸಿ. ಮೊದಲು ನೀವು ಬರೆಯಿರಿ, ಎಷ್ಟೇ ಕೆಟ್ಟದಾಗಿರಲಿ. ಆಮೇಲೆ 'ಇದನ್ನು ತಿದ್ದಿ ಬರೆಯಬೇಡ, ತಪ್ಪು ಎಲ್ಲಿದೆ ಅಂತ ಹೇಳು, ನಾನೇ ತಿದ್ದುತ್ತೇನೆ' ಅಂತ ಕೇಳಿ. ಟರ್ಕಿಯ ಮೂರನೆಯ ಗುಂಪು ಮಾಡಿದ್ದು ಇದನ್ನೇ. ವಾರಕ್ಕೆ ಎರಡು ಸಣ್ಣ ಮೇಲ್‌ಗಳನ್ನು ಯಾರಿಗೂ ತೋರಿಸದೆ ಹಾಗೇ ಕಳಿಸಿ. ಮೊದಲ ಸಲ ಎದೆ ಡವಗುಟ್ಟುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿ, ಏನೂ ಆಗಿರುವುದಿಲ್ಲ. ನಾಯಿ ಇರುವ ಬೀದಿಯಲ್ಲಿ ನಡೆಯುವುದು ಅಂದರೆ ಇದೇ. ನಾದಿನಿಗೆ ಮೆಸೇಜ್ ಬೇಡವೇ ಬೇಡ. ಫೋನ್ ಮಾಡಿ. ಫೋನಿನಲ್ಲಿ ತಡವರಿಸಿದರೂ ನಡೆಯುತ್ತದೆ.

ಕೊನೆಗೆ ನಿಮ್ಮ ಗೆಳತಿಯ ವಿಷಯ. ನೀವು ಅಳಿಸಿದ ಸಾಲುಗಳನ್ನು ನಾನು ಮತ್ತೆ ಮತ್ತೆ ಓದಿದೆ. ಎಳನೀರಿನ ಮಾತು ಇದೆಯಲ್ಲ, ಅದನ್ನು ಯಾವ ಎಐಯೂ ಬರೆಯಲಾರದು. ಅದು ಆ ತೋಟಕ್ಕೆ ಹೋಗಿರಲಿಲ್ಲ. ಅವಳಿಗೆ ಆ ವಾರ ಐವತ್ತು ಮೆಸೇಜ್ ಬಂದಿರುತ್ತವೆ. ಬಹುಪಾಲು 'ದುಃಖ ಭರಿಸುವ ಶಕ್ತಿ ದೇವರು ಕೊಡಲಿ' ಅಂತಲೇ ಇರುತ್ತವೆ. ಅವಳ ಅಪ್ಪ ಹೇಗಿದ್ದರು ಅಂತ ಹೇಳುವ ಮೆಸೇಜ್ ನಿಮ್ಮ ಹತ್ತಿರ ಇತ್ತು.

ಈಗಲೂ ಇದೆ. ಹನ್ನೊಂದನೇ ದಿನ ಕಳೆದಿದ್ದರೂ ಪರವಾಗಿಲ್ಲ. ಸಾವಾದ ಮನೆಗೆ ಹೋಗುವುದಕ್ಕೆ ನಮ್ಮ ಕಡೆ 'ಮಾತಾಡಿಸಿಕೊಂಡು ಬರೋದು' ಅಂತಾರೆ. ಹೆಸರು ಹಾಗೆ, ಅಲ್ಲಿ ಹೋಗಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ಪಕ್ಕದಲ್ಲಿ ಕೂರುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ. ಎಳನೀರಿನ ವಿಷಯ ಅಲ್ಲಿ ತಾನಾಗಿಯೇ ಬರುತ್ತದೆ. ತುಮಕೂರಿನಿಂದ ತಿಪಟೂರಿಗೆ ಬಸ್ಸಿಗೇನೂ ಬರ ಇಲ್ಲ. ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲ. ಈ ಭಾನುವಾರ ಹೋಗಿ ಬನ್ನಿ.